ಹೆಸರಿಲ್ಲದ ತೈಲಕ್ಷೇತ್ರ, ಮೊದಲೇ ಗೊತ್ತಿದ್ದ ಉತ್ತರ: ಒಂದು ಮುನ್ನಂದಾಜಿನ ಪ್ರಕರಣ

ಒಂದು ತೈಲಕ್ಷೇತ್ರ ಮುಂದಿನ ಹತ್ತು ವರ್ಷದಲ್ಲಿ ಎಷ್ಟು ತೈಲ ಕೊಡುತ್ತದೆ? ಹೊಸ ಬಾವಿ ಕೊರೆಯಬೇಕೋ ಬೇಡವೋ, ಪೈಪ್‌ಲೈನ್ ಎಷ್ಟು ದಪ್ಪ ಇರಬೇಕು, ಬ್ಯಾಂಕು ಸಾಲ ಕೊಡಬಹುದೋ ಇಲ್ಲವೋ, ಎಲ್ಲವೂ ಈ ಪ್ರಶ್ನೆಯ ಮೇಲೆ ನಿಂತಿರುತ್ತದೆ. ಉತ್ತರವಾಗಿ ಒಂದೇ ಒಂದು ಸಂಖ್ಯೆ ಕೊಟ್ಟರೆ ಅದು ತಪ್ಪುವುದು ಹೆಚ್ಚುಕಡಿಮೆ ಖಚಿತ. ಅದಕ್ಕೇ ಎಂಜಿನಿಯರುಗಳು ಒಂದು ವ್ಯಾಪ್ತಿ ಕೊಡುತ್ತಾರೆ: ಕಡಿಮೆ ಎಂದರೆ ಇಷ್ಟು, ಜಾಸ್ತಿ ಎಂದರೆ ಇಷ್ಟು. ತೈಲ ಉದ್ಯಮದಲ್ಲಿ ಕಡಿಮೆ ಅಂದಾಜಿಗೆ ಪಿ90 ಎನ್ನುತ್ತಾರೆ. ಅದಕ್ಕಿಂತ ಜಾಸ್ತಿ ಬರುವ ಸಾಧ್ಯತೆ ನೂರಕ್ಕೆ 90 ಎಂದು ಅರ್ಥ. ಹೆಚ್ಚಿನ ಅಂದಾಜು ಪಿ10.

ಆದರೆ ಆ ವ್ಯಾಪ್ತಿಯನ್ನು ಎಷ್ಟು ನಂಬಬಹುದು? ಇದನ್ನು ಪರೀಕ್ಷಿಸುವುದು ಬಹಳ ಕಷ್ಟ. ನಿಜವಾದ ಉತ್ತರ ತಿಳಿಯುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಲೆಕ್ಕ ಹಾಕಿದವರು ಬೇರೆ ಕಡೆ ಹೋಗಿರುತ್ತಾರೆ. ನಡುವೆ ಹೊಸ ಬಾವಿಗಳು ಬಂದಿರುತ್ತವೆ, ಹಳೆಯವು ಮುಚ್ಚಿರುತ್ತವೆ. ಅಂದಾಜು ತಪ್ಪಿತೋ, ಪರಿಸ್ಥಿತಿಯೇ ಬದಲಾಯಿತೋ ಎಂದು ಬಿಡಿಸಿ ನೋಡಲು ಆಗುವುದಿಲ್ಲ.

ಆ ಪರೀಕ್ಷೆ ಸರಿಯಾಗಿ ನಡೆದ ಒಂದು ಪ್ರಕರಣ ಇದು. 1990ರ ದಶಕದ ಕೊನೆಯ ಹೊತ್ತಿಗೆ ಯುರೋಪಿನಲ್ಲಿ ‘ಪಂಕ್’ ಎಂಬ ಸಂಶೋಧನಾ ಯೋಜನೆ ನಡೆಯಿತು. ಉತ್ಪಾದನೆಯ ಮುನ್ನಂದಾಜಿನಲ್ಲಿ ಅನಿಶ್ಚಿತತೆಯನ್ನು ಅಳೆಯುವುದು ಹೇಗೆ ಎಂಬುದೇ ಅದರ ವಿಷಯ. ಅದರೊಳಗಿನ ‘ಪಂಕ್ ಎಸ್-3’ ಎಂಬ ಪ್ರಯೋಗದಲ್ಲಿ ಹಲವು ತಂಡಗಳು ಒಂದೇ ಕ್ಷೇತ್ರಕ್ಕೆ, ಒಂದೇ ಮಾಹಿತಿ ಹಿಡಿದು, ತಮ್ಮ ತಮ್ಮ ದಾರಿಯಲ್ಲಿ ಮುನ್ನಂದಾಜು ಮಾಡಿದವು. ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಇಲ್ಲಿ ತಂಡಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಯಾರು ಗೆದ್ದರು, ಯಾರು ಸೋತರು ಎಂದು ಓದಲು ಹೊರಟರೆ ಇದರಲ್ಲಿ ಕಲಿಯಬೇಕಾದದ್ದು ಕೈತಪ್ಪುತ್ತದೆ.

ಕ್ಷೇತ್ರ ಹೇಗಿತ್ತು

ಕ್ಷೇತ್ರದ ಆಕಾರ ನಿಜವಾದ ತೈಲಕ್ಷೇತ್ರವೊಂದರಿಂದ ಬಂದದ್ದು. ಒಂದು ತೈಲ ಕಂಪನಿ ತನ್ನ ಅಧ್ಯಯನಕ್ಕೆ ಬಳಸಿದ್ದ ಮಾದರಿಯನ್ನು, ಕ್ಷೇತ್ರದ ಹೆಸರು ಹೇಳದೆ, ಪ್ರಯೋಗಕ್ಕೆ ಕೊಟ್ಟಿತು. ನೆಲದೊಳಗೆ ಗುಮ್ಮಟದಂತೆ ಉಬ್ಬಿರುವ ಬಂಡೆಯ ಪದರಗಳು. ಪೂರ್ವಕ್ಕೂ ದಕ್ಷಿಣಕ್ಕೂ ಫಾಲ್ಟ್, ಅಂದರೆ ಪದರಗಳು ತುಂಡಾಗಿ ಸರಿದ ಜಾಗ, ಗಡಿಯಾಗಿದೆ. ಉತ್ತರ ಮತ್ತು ಪಶ್ಚಿಮದಲ್ಲಿ ಬಲವಾದ ಅಕ್ವಿಫರ್, ಅಂದರೆ ನೀರು ತುಂಬಿದ ಬಂಡೆ, ಇದೆ. ತೈಲ ಹೊರಗೆ ಹೋದಂತೆಲ್ಲ ಆ ಕಡೆಯಿಂದ ನೀರು ಒಳಗೆ ನುಗ್ಗಿ ಒತ್ತಡ ಕಾಪಾಡುತ್ತದೆ. ಗುಮ್ಮಟದ ನಡುವೆ ಚಿಕ್ಕದೊಂದು ಗ್ಯಾಸ್ ಕ್ಯಾಪ್, ಅಂದರೆ ತೈಲದ ಮೇಲೆ ಕೂತ ಅನಿಲ. ತೈಲ ಮತ್ತು ಅನಿಲ ಸೇರುವ ಗಡಿಯ ಸುತ್ತ ಆರು ಉತ್ಪಾದನಾ ಬಾವಿಗಳು. ನೀರು ತುಂಬುವ ಬಾವಿ ಒಂದೂ ಇಲ್ಲ. ಅಕ್ವಿಫರ್ ಇರುವುದರಿಂದ ಬೇಕಾಗಿಯೂ ಇರಲಿಲ್ಲ.

ಹೀಗೆ ಬಾವಿಗಳು ಎರಡು ಅಪಾಯಗಳ ನಡುವೆ ಇವೆ. ಒಂದು ಕಡೆಯಿಂದ ನೀರು ಬರುತ್ತಿದೆ, ಇನ್ನೊಂದು ಕಡೆಯಿಂದ ಅನಿಲ. ಯಾವುದು, ಯಾವ ಬಾವಿಗೆ, ಯಾವಾಗ ತಲುಪುತ್ತದೆ ಎಂಬುದು ಬಂಡೆಯೊಳಗಿನ ದಾರಿಗಳನ್ನು ಅವಲಂಬಿಸಿದೆ.

ಆ ದಾರಿಗಳು ಸರಳವಾಗಿರಲಿಲ್ಲ. ಒಟ್ಟು ಐದು ಪದರ. ಮೊದಲ, ಮೂರನೆಯ ಮತ್ತು ಐದನೆಯ ಪದರಗಳಲ್ಲಿ ಆಗ್ನೇಯಕ್ಕೆ ಹರಡಿದ ಮರಳಿನ ಪಟ್ಟಿಗಳಿವೆ. ಪಟ್ಟಿಗಳ ರಂಧ್ರತೆ, ಅಂದರೆ ಬಂಡೆಯಲ್ಲಿ ಖಾಲಿ ಜಾಗದ ಪಾಲು, ಶೇ. 20ಕ್ಕಿಂತ ಜಾಸ್ತಿ. ಸುತ್ತಲಿನ ಜೇಡಿ ಬಂಡೆಯಲ್ಲಿ ಶೇ. 5ಕ್ಕಿಂತಲೂ ಕಡಿಮೆ. ಎರಡನೆಯ ಪದರ ಬಹುಪಾಲು ಜೇಡಿಯೇ. ನಾಲ್ಕನೆಯದರಲ್ಲಿ ಹೊಳೆ ಸಮುದ್ರ ಸೇರುವಲ್ಲಿ ಬೀಳುವಂಥ ಮರಳಿನ ರಾಶಿಗಳು, ಮಧ್ಯಮ ಗುಣಮಟ್ಟದವು. ನಮ್ಮ ಕಡೆ ಬೋರ್‌ವೆಲ್ ಕೊರೆಸಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಒಂದು ಹೊಲದಲ್ಲಿ ನೀರು ಚಿಮ್ಮುತ್ತದೆ, ಪಕ್ಕದ ಹೊಲದಲ್ಲಿ ಅಷ್ಟೇ ಆಳಕ್ಕೆ ಹೋದರೂ ಬರೀ ದೂಳು. ಕೊರೆದ ಜಾಗದ ಬಗ್ಗೆ ಗೊತ್ತು, ನಡುವಿನದರ ಬಗ್ಗೆ ಊಹೆ ಮಾತ್ರ.

ಈ ಕ್ಷೇತ್ರವನ್ನು ಕಂಪ್ಯೂಟರಿನಲ್ಲಿ ಕೂರಿಸಿದ್ದು 19 × 28 × 5 ಕೋಶಗಳ ಜಾಲದಲ್ಲಿ. ಅದರಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವ ಕೋಶಗಳು 1,761. ಒಂದೊಂದು ಕೋಶ 180 ಮೀಟರ್ ಉದ್ದ, 180 ಮೀಟರ್ ಅಗಲ. ಅಷ್ಟು ದೊಡ್ಡ ಬಂಡೆಗೆ ಒಂದೇ ರಂಧ್ರತೆ, ಒಂದೇ ಪರ್ಮಿಯಬಿಲಿಟಿ (ಬಂಡೆ ತನ್ನೊಳಗೆ ಎಷ್ಟು ಸುಲಭವಾಗಿ ಹರಿವು ಬಿಡುತ್ತದೆ ಎಂಬ ಅಳತೆ). ಇದು ಎಷ್ಟು ಸರಳ ಎಂದು ತಿಳಿಯಲು ಒಂದು ಹೋಲಿಕೆ ಸಾಕು. ಅದೇ 2001ರಲ್ಲಿ ಸೊಸೈಟಿ ಆಫ್ ಪೆಟ್ರೋಲಿಯಂ ಎಂಜಿನಿಯರ್ಸ್ ಪರವಾಗಿ ಪ್ರಕಟವಾದ ಹತ್ತನೆಯ ತುಲನಾ ಸಮಸ್ಯೆಯ (ಬೇರೆ ಬೇರೆ ವಿಧಾನಗಳನ್ನು ಹೋಲಿಸಲು ಎಲ್ಲರಿಗೂ ಕೊಡುವ ಒಂದೇ ಲೆಕ್ಕದ) ಎರಡನೆಯ ಮಾದರಿಯಲ್ಲಿ 60 × 220 × 85, ಅಂದರೆ 11 ಲಕ್ಷಕ್ಕೂ ಮೀರಿದ ಕೋಶಗಳಿದ್ದವು. ಅದರ ಒಂದೊಂದು ಕೋಶ 20 ಅಡಿ ಉದ್ದ, 10 ಅಡಿ ಅಗಲ, 2 ಅಡಿ ದಪ್ಪ.

ಹಾಗಾದರೆ ಅಷ್ಟು ಚಿಕ್ಕ ಮಾದರಿ ಯಾಕೆ? ಅನಿಶ್ಚಿತತೆ ಅಳೆಯಬೇಕೆಂದರೆ ಮಾದರಿಯನ್ನು ಒಂದು ಸಲ ಓಡಿಸಿದರೆ ಸಾಲದು. ನೂರಾರು, ಸಾವಿರಾರು ಸಲ ಓಡಿಸಬೇಕು. ಒಂದು ಓಟಕ್ಕೆ ಇಡೀ ದಿನ ಹಿಡಿದರೆ ಆ ಕೆಲಸ ಆಗುವುದೇ ಇಲ್ಲ. ವಿವರ ಜಾಸ್ತಿಯಾದರೆ ಓಟಗಳ ಸಂಖ್ಯೆ ಕಡಿಮೆ, ಓಟಗಳು ಜಾಸ್ತಿಯಾಗಬೇಕಾದರೆ ವಿವರ ಕಡಿಮೆ. ತೈಲ ಸಿಮ್ಯುಲೇಷನ್, ಅಂದರೆ ನೆಲದೊಳಗಿನ ಹರಿವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಕೆಲಸ, ಮಾಡುವ ಪ್ರತಿಯೊಬ್ಬರೂ ಈ ಹಗ್ಗಜಗ್ಗಾಟದಲ್ಲೇ ಇರುತ್ತಾರೆ.

ಸವಾಲು

ಪ್ರಯೋಗ ಕಟ್ಟಿದವರ ಬುದ್ಧಿವಂತಿಕೆ ಇಲ್ಲಿದೆ. ಅವರು ಆಕಾರವನ್ನು ನಿಜವಾದ ಕ್ಷೇತ್ರದಿಂದ ತೆಗೆದುಕೊಂಡರು. ರಂಧ್ರತೆ ಮತ್ತು ಪರ್ಮಿಯಬಿಲಿಟಿಯನ್ನು ಮಾತ್ರ, ಮೇಲೆ ಹೇಳಿದ ಭೂವಿಜ್ಞಾನದ ಚಿತ್ರಕ್ಕೆ ಹೊಂದುವಂತೆ, ತಾವೇ ಹೊಸದಾಗಿ ಸೃಷ್ಟಿಸಿದರು. ಅದನ್ನು ‘ಸತ್ಯ’ ಎಂದು ಕರೆದು, 16.5 ವರ್ಷ ಓಡಿಸಿ, ಫಲಿತಾಂಶವನ್ನು ಎತ್ತಿಟ್ಟರು. ಇಡೀ ಅವಧಿಯಲ್ಲಿ ಬಂದ ತೈಲ 38.7 ಲಕ್ಷ ಘನ ಮೀಟರ್. ಉತ್ತರ ಕೈಯಲ್ಲಿತ್ತು. ಇನ್ನು ಬೇರೆಯವರ ಅಂದಾಜನ್ನು ಅದರ ಪಕ್ಕ ಇಟ್ಟು ನೋಡಬಹುದಿತ್ತು.

ಉತ್ಪಾದನೆಯ ವೇಳಾಪಟ್ಟಿ ನಿಜ ಜೀವನದ್ದೇ. ಮೊದಲ ವರ್ಷ ಬಾವಿ ಪರೀಕ್ಷೆ: ಮೂರು ಮೂರು ತಿಂಗಳ ನಾಲ್ಕು ಅವಧಿ, ಒಂದೊಂದಕ್ಕೂ ಒಂದು ದರ. ಆಮೇಲೆ ಮೂರು ವರ್ಷ ಬಾವಿಗಳು ಬಂದ್. ನಂತರ ಪ್ರತಿ ಬಾವಿಯಿಂದ ದಿನಕ್ಕೆ 150 ಘನ ಮೀಟರ್. ಪ್ರತಿ ವರ್ಷ ಎರಡು ವಾರ ಬಾವಿ ನಿಲ್ಲಿಸಿ ಒತ್ತಡ ಅಳೆಯುವುದು. ಬಾವಿಯ ತಳದ ಒತ್ತಡ 120 ಬಾರ್‌ಗಿಂತ ಕೆಳಗಿಳಿಯುವ ಹಾಗಿಲ್ಲ. ಅಲ್ಲಿಗೆ ಮುಟ್ಟಿದರೆ ದರವೇ ಇಳಿಯಬೇಕು.

ತಂಡಗಳ ಕೈಗೆ ಸಿಕ್ಕಿದ್ದು ಮೊದಲ 8 ವರ್ಷದ ಅಳತೆಗಳು ಮಾತ್ರ: ಒತ್ತಡ, ತೈಲದ ಜೊತೆ ಬರುವ ನೀರಿನ ಪಾಲು, ಅನಿಲದ ಪಾಲು. ಅದರ ಮೇಲೂ ಬೇಕೆಂದೇ ದೋಷ ಬೆರೆಸಿದ್ದರು. ಬಾವಿ ನಿಂತಿರುವಾಗಿನ ಒತ್ತಡಕ್ಕೆ 1 ಬಾರ್, ಹರಿಯುತ್ತಿರುವಾಗಿನದಕ್ಕೆ 3 ಬಾರ್. ಅನಿಲದ ಅಳತೆಗೆ ಶೇ. 10, ಅನಿಲ ನುಗ್ಗಿದ ಮೇಲೆ ಶೇ. 25. ನೀರಿಗೆ ಶೇ. 2, ನುಗ್ಗಿದ ಮೇಲೆ ಶೇ. 5. ಇದು ತೋರಿಕೆಗೆ ಹಾಕಿದ ಗದ್ದಲ ಅಲ್ಲ. ನಿಜವಾದ ಬಾವಿಯಲ್ಲೂ ನಿಂತ ಬಾವಿಯ ಒತ್ತಡವೇ ಹೆಚ್ಚು ನಂಬಿಕಸ್ಥ, ಅನಿಲದ ಅಳತೆಯೇ ಹೆಚ್ಚು ಒರಟು. ಜೊತೆಗೆ ಆರು ಬಾವಿಗಳಲ್ಲಿ ಅಳೆದ ರಂಧ್ರತೆ, ಪರ್ಮಿಯಬಿಲಿಟಿ ಮತ್ತು ಪದರಗಳ ಬಗ್ಗೆ ಭೂವಿಜ್ಞಾನಿ ಬರೆದಂಥ ಒಂದು ವಿವರಣೆ.

ಪ್ರಶ್ನೆ ಒಂದೇ: 16.5 ವರ್ಷದ ಕೊನೆಗೆ ಒಟ್ಟು ಎಷ್ಟು ತೈಲ? ಒಂದು ಸಂಖ್ಯೆ ಬೇಡ, ಸಾಧ್ಯತೆಗಳ ಹಂಚಿಕೆ ಕೊಡಿ.

ತೀರ್ಮಾನಗಳು

ಹೊರಗಿನಿಂದ ನೋಡಿದರೆ ಕೆಲಸ ಸ್ಪಷ್ಟ. ಕೋಶಗಳ ಗುಣಗಳನ್ನು ಹೊಂದಿಸುತ್ತಾ ಹೋಗಿ, 8 ವರ್ಷದ ಅಳತೆಗಳಿಗೆ ತಾಳೆಯಾಗುವ ಮಾದರಿಗಳನ್ನು ಹುಡುಕಿ. ಇದಕ್ಕೆ ಹಿಸ್ಟರಿ ಮ್ಯಾಚಿಂಗ್ ಎನ್ನುತ್ತಾರೆ. ತಾಳೆಯಾದ ಮಾದರಿಗಳನ್ನು ಮುಂದಕ್ಕೆ ಓಡಿಸಿ, ಬಂದ ಉತ್ತರಗಳ ಹರವು ನೋಡಿ. ಆದರೆ ಕಂಪ್ಯೂಟರ್ ಮುಟ್ಟುವ ಮೊದಲೇ ಪ್ರತಿ ತಂಡ ಕೆಲವು ತೀರ್ಮಾನ ತೆಗೆದುಕೊಳ್ಳಬೇಕಾಯಿತು. ನನ್ನ ಪ್ರಕಾರ ಇಡೀ ಪ್ರಕರಣ ಇರುವುದೇ ಅಲ್ಲಿ.

ಮೊದಲನೆಯದು: ಯಾವುದನ್ನು ಬದಲಾಯಿಸಲು ಬಿಡುವುದು? ಕೋಶಗಳು 1,761. ಪ್ರತಿಯೊಂದಕ್ಕೂ ರಂಧ್ರತೆ ಬೇರೆ, ಅಡ್ಡ ಮತ್ತು ಲಂಬ ಪರ್ಮಿಯಬಿಲಿಟಿ ಬೇರೆ. ಗೊತ್ತಿಲ್ಲದ ಸಂಖ್ಯೆಗಳು ಐದು ಸಾವಿರ ದಾಟುತ್ತವೆ. ಆರು ಬಾವಿಗಳ ಅಳತೆಯಿಂದ ಅಷ್ಟನ್ನೂ ಹಿಡಿಯಲು ಸಾಧ್ಯವೇ ಇಲ್ಲ. ಹಾಗಾಗಿ ಸರಳಗೊಳಿಸಲೇಬೇಕು. ಪದರವನ್ನು ಕೆಲವು ವಲಯಗಳಾಗಿ ಹಂಚಿ, ಒಂದೊಂದು ವಲಯಕ್ಕೆ ಒಂದು ಗುಣಕ ಇಡಬಹುದು. ಅಲ್ಲಲ್ಲಿ ಕೆಲವು ‘ಪೈಲಟ್ ಬಿಂದು’ಗಳನ್ನು ಆರಿಸಿ, ಅವುಗಳ ಬೆಲೆ ಬದಲಾಯಿಸಿ, ನಡುವಿನದನ್ನು ಅಂಕಿಅಂಶಗಳ ಸೂತ್ರದಿಂದ ತುಂಬಬಹುದು. ಇಲ್ಲವೇ ಎಲ್ಲ ಕೋಶಗಳನ್ನೂ ಸ್ವತಂತ್ರ ಬಿಟ್ಟು, ಒಂದಕ್ಕೊಂದು ಹೇಗೆ ಸಂಬಂಧಿಸಿರಬೇಕು ಎಂದು ಮಾತ್ರ ಕಟ್ಟು ಹಾಕಬಹುದು.

ಎರಡನೆಯದು ಇದಕ್ಕೇ ಅಂಟಿಕೊಂಡದ್ದು: ಭೂವಿಜ್ಞಾನಿಯ ಮಾತನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುವುದು? ‘ಮರಳಿನ ಪಟ್ಟಿಗಳು ಆಗ್ನೇಯಕ್ಕೆ ಹರಡಿವೆ’ ಎಂಬ ಒಂದು ಸಾಲು ಸುಮ್ನೆ ವಿವರಣೆಯ ಹಾಗೆ ಕಾಣುತ್ತದೆ. ಆದರೆ ಅದನ್ನು ಲೆಕ್ಕಕ್ಕೆ ತಂದರೆ ಒಂದು ದಿಕ್ಕಿನಲ್ಲಿ ಗುಣ ದೂರದವರೆಗೆ ಮುಂದುವರಿಯುತ್ತದೆ, ಅಡ್ಡ ದಿಕ್ಕಿನಲ್ಲಿ ಬೇಗ ಬದಲಾಗುತ್ತದೆ. ತರದಿದ್ದರೆ ಎಲ್ಲ ದಿಕ್ಕೂ ಒಂದೇ. ಒಂದು ತಂಡ ಈ ಎರಡನ್ನೂ ಪ್ರತ್ಯೇಕವಾಗಿ ಮಾಡಿ ಎರಡು ಉತ್ತರ ಕೊಟ್ಟಿತು. ಇದು ನನಗೆ ಬಹಳ ಮೆಚ್ಚುಗೆಯಾದ ಕೆಲಸ. ತನ್ನ ಊಹೆಯನ್ನೇ ಬದಲಾಯಿಸಿ ನೋಡುವುದು ಎಲ್ಲರೂ ಮಾಡುವಂಥದ್ದಲ್ಲ.

ಮೂರನೆಯದು: ‘ತಾಳೆ’ ಎಂದರೇನು? ಪ್ರತಿ ಅಳತೆಯಲ್ಲೂ ಮಾದರಿ ಮತ್ತು ವಾಸ್ತವದ ನಡುವಿನ ವ್ಯತ್ಯಾಸ ತೆಗೆದು, ಅಳತೆಯ ದೋಷದಿಂದ ಭಾಗಿಸಿ, ವರ್ಗ ಮಾಡಿ ಕೂಡಿಸುತ್ತಾರೆ. ಅದನ್ನು ಕೂಡಿಸಿಯೇ ಬಿಡುವುದೋ, ಅಳತೆಗಳ ಸಂಖ್ಯೆಯಿಂದ ಭಾಗಿಸಿ ಸರಾಸರಿ ಮಾಡುವುದೋ? ಕೇಳಿದರೆ ಇದು ಗುಮಾಸ್ತರ ಪ್ರಶ್ನೆ ಅನ್ನಿಸಬಹುದು. ಆದರೆ ಸಾಧ್ಯತೆಯ ಲೆಕ್ಕದಲ್ಲಿ ಈ ಒಂದು ಭಾಗಾಕಾರ ವ್ಯಾಪ್ತಿಯ ಅಗಲವನ್ನೇ ಬದಲಾಯಿಸುತ್ತದೆ. ನೂರು ಅಳತೆಗಳನ್ನು ನೂರು ಸ್ವತಂತ್ರ ಸಾಕ್ಷಿಗಳೆಂದು ಕೂಡಿಸಿದರೆ ವ್ಯಾಪ್ತಿ ತೀರಾ ಕಿರಿದಾಗುತ್ತದೆ. ಪಕ್ಕಪಕ್ಕದ ತಿಂಗಳುಗಳ ಅಳತೆಗಳ ದೋಷ ಒಂದೇ ಕಡೆ ವಾಲಿರುತ್ತದೆ, ಅಲ್ವಾ? ಅಂದಮೇಲೆ ಅವು ನೂರು ಸಾಕ್ಷಿಗಳ ತೂಕಕ್ಕೆ ಬರುವುದಿಲ್ಲ. ಸರಾಸರಿ ಮಾಡಿದರೆ ಇಡೀ ಇತಿಹಾಸ ಒಂದೇ ಸಾಕ್ಷಿಯಾಗಿ, ವ್ಯಾಪ್ತಿ ಬೇಕಾದ್ದಕ್ಕಿಂತ ಅಗಲವಾಗುತ್ತದೆ.

ನಾಲ್ಕನೆಯದು: ಒಳ್ಳೆಯ ಮಾದರಿಗಳನ್ನು ಹುಡುಕುವ ಬಗೆ. ಕೆಲವರು ಬೇರೆ ಬೇರೆ ಆರಂಭಗಳಿಂದ ಹೊರಟು ಪ್ರತಿ ಸಲವೂ ಹೊಂದಿಕೆ ಸುಧಾರಿಸಿದರು. ಕೆಲವರು ಜೆನೆಟಿಕ್ ಅಲ್ಗಾರಿದಂ ಹಿಡಿದರು, ಅಂದರೆ ಒಳ್ಳೆಯ ಮಾದರಿಗಳನ್ನು ಬೆರೆಸಿ ಹೊಸ ಪೀಳಿಗೆ ತಯಾರಿಸುವ ದಾರಿ. ಕೆಲವರು ಮಾರ್ಕೋವ್ ಸರಪಳಿಯ ಮಾಂಟೆ ಕಾರ್ಲೊ ವಿಧಾನ, ಅಂದರೆ ಒಂದು ಮಾದರಿಯಿಂದ ಇನ್ನೊಂದಕ್ಕೆ ಸಾಧ್ಯತೆಗೆ ತಕ್ಕಂತೆ ಹೆಜ್ಜೆ ಇಡುತ್ತಾ ಹೋಗುವುದು, ಬಳಸಿದರು. ಇದು ಸಿದ್ಧಾಂತದಲ್ಲಿ ಅತ್ಯಂತ ಶುದ್ಧ, ಆದರೆ ಓಟಗಳ ಸಂಖ್ಯೆ ಲೆಕ್ಕವಿಲ್ಲದಷ್ಟು ಬೇಕು. ಚರ್ಚೆಗಳಲ್ಲಿ ಜನ ಜಾಸ್ತಿ ಮಾತಾಡುವುದು ಈ ನಾಲ್ಕನೆಯದರ ಬಗ್ಗೆಯೇ.

ಏನಾಯಿತು

ಎಲ್ಲ ಉತ್ತರಗಳನ್ನೂ ಪಕ್ಕಪಕ್ಕ ಇಟ್ಟಾಗ ಕಂಡದ್ದು ನೆಮ್ಮದಿ ಕೊಡುವ ಚಿತ್ರವಾಗಿರಲಿಲ್ಲ. ಗಮನಾರ್ಹ ಸಂಖ್ಯೆಯ ವಿಧಾನಗಳಲ್ಲಿ ಸತ್ಯ ಅವರು ಕೊಟ್ಟ ವ್ಯಾಪ್ತಿಯ ಹೊರಗಿತ್ತು. ಅಧ್ಯಯನದ ತೀರ್ಮಾನ ಹೀಗಿತ್ತು: ವ್ಯಾಪ್ತಿಯ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದ್ದು ಯಾವುದನ್ನು ಬದಲಾಯಿಸಲು ಬಿಟ್ಟರು ಎಂಬುದು ಮತ್ತು ಯಾವ ಆರಂಭಿಕ ಮಾದರಿಗಳಿಂದ ಹೊರಟರು ಎಂಬುದು. ಇದರ ಮೇಲೆ, ಸಿಮ್ಯುಲೇಟರ್, ಅಂದರೆ ಲೆಕ್ಕ ಮಾಡುವ ಪ್ರೋಗ್ರಾಂ, ಯಾವುದು ಎಂಬುದೂ ವ್ಯಾಪ್ತಿಯನ್ನು ಒಂದು ಕಡೆಗೆ ಎಳೆದಿತ್ತು.

ಈ ಕೊನೆಯ ಮಾತು ಓದಿದವರನ್ನು ಚುಚ್ಚಬೇಕು. ಎಲ್ಲ ಸಿಮ್ಯುಲೇಟರ್‌ಗಳೂ ಬಿಡಿಸುವುದು ಒಂದೇ ಸಮೀಕರಣಗಳನ್ನು: ಬಂಡೆಯೊಳಗಿನ ಹರಿವನ್ನು ಹೇಳುವ ಡಾರ್ಸಿಯ ನಿಯಮ, ಒಳಗೆ ಬಂದದ್ದು ಹೊರಗೆ ಹೋದದ್ದು ಸರಿಹೊಂದಬೇಕೆಂಬ ದ್ರವ್ಯದ ಲೆಕ್ಕಾಚಾರ. ಆದರೆ ಬಾವಿಯನ್ನು, ಓರೆಯಾದ ಕೋಶಗಳನ್ನು, ಕಾಲದ ಹೆಜ್ಜೆಗಳನ್ನು ಒಂದೊಂದು ಪ್ರೋಗ್ರಾಂ ಒಂದೊಂದು ರೀತಿ ಅಂದಾಜು ಮಾಡುತ್ತದೆ. ಆ ವ್ಯತ್ಯಾಸವನ್ನು ಯಾವ ತಂಡವೂ ತನ್ನ ಅನಿಶ್ಚಿತತೆಯೊಳಗೆ ಸೇರಿಸಿಕೊಳ್ಳುವುದಿಲ್ಲ. ಕೈಯಲ್ಲಿ ಇರುವುದು ಒಂದೇ ಸಿಮ್ಯುಲೇಟರ್ ಆದಾಗ ಅದರ ವಾಲಿಕೆ ಕಣ್ಣಿಗೆ ಬೀಳುವುದೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಪಿ90ರಿಂದ ಪಿ10ರವರೆಗಿನ ವ್ಯಾಪ್ತಿ ಸರಿಯಾಗಿಯೇ ಇದ್ದರೂ ಐದರಲ್ಲಿ ಒಂದು ಸಲ ಸತ್ಯ ಹೊರಗೆ ಬೀಳಬೇಕು. ಇಲ್ಲಿದ್ದದ್ದು ಒಂದೇ ಸತ್ಯ. ಹಾಗಾಗಿ ಇಂಥ ವಿಧಾನ ಕೆಟ್ಟದ್ದು, ಇಂಥದ್ದು ಒಳ್ಳೆಯದು ಎಂದು ಇದರಿಂದ ತೀರ್ಪು ಕೊಡಲಾಗದು. ಆದರೆ ಎಲ್ಲರಿಗೂ ಮಾಹಿತಿ ಒಂದೇ, ಪ್ರಶ್ನೆಯೂ ಒಂದೇ. ಆದರೂ ಉತ್ತರಗಳು ಇಷ್ಟು ಬೇರೆಯಾದವು ಎಂಬುದಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಇನ್ನೊಂದು ಲೆಕ್ಕ. ಆರು ಬಾವಿ, ದಿನಕ್ಕೆ 150ರಂತೆ, 900 ಘನ ಮೀಟರ್. ಪರೀಕ್ಷೆ ಮತ್ತು ಬಂದ್ ಆದ ವರ್ಷಗಳನ್ನು ಬಿಟ್ಟರೆ ಉಳಿಯುವುದು 12.5 ವರ್ಷ. ಎಲ್ಲ ಬಾವಿಗಳೂ ಕೊನೆಯವರೆಗೆ ಪೂರ್ತಿ ದರದಲ್ಲಿ ಓಡಿದರೆ ಬರುವುದು 41 ಲಕ್ಷ ಘನ ಮೀಟರ್ ಆಸುಪಾಸು. ವಾರ್ಷಿಕ ನಿಲುಗಡೆ ಕಳೆದು, ಪರೀಕ್ಷೆಯ ವರ್ಷದ್ದು ಕೂಡಿಸಿದರೂ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಸತ್ಯ 38.7 ಲಕ್ಷ. ಅಂದರೆ ಮೇಲ್ಗಡೆಗೆ ಗಟ್ಟಿ ಛಾವಣಿ ಇತ್ತು. ಅನಿಶ್ಚಿತತೆ ಇದ್ದದ್ದು ಒಂದೇ ಪ್ರಶ್ನೆಯಲ್ಲಿ: ಯಾವ ಬಾವಿ, ಯಾವಾಗ, ದರ ಉಳಿಸಿಕೊಳ್ಳಲಾಗದೆ ಕುಸಿಯುತ್ತದೆ? ಇಷ್ಟು ಕಟ್ಟುನಿಟ್ಟಾದ, ಇಷ್ಟು ಸುಲಭವಾದ ಒಟ್ಟು ಮೊತ್ತದಲ್ಲೂ ವ್ಯಾಪ್ತಿಗಳು ತಪ್ಪಿದವು. ಪ್ರತಿ ಬಾವಿಯ ನೀರಿನ ಪಾಲನ್ನೋ ಹೊಸ ಬಾವಿಯ ಜಾಗವನ್ನೋ ಕೇಳಿದ್ದರೆ ಇನ್ನೂ ಕಷ್ಟವಾಗುತ್ತಿತ್ತು.

ಯಾಕೆ ಹೀಗಾಯಿತು

ಒಂದು ಕಾರಣ ಮಾಹಿತಿಯ ಸ್ವಭಾವದಲ್ಲೇ ಇದೆ. ಮೊದಲ 8 ವರ್ಷದಲ್ಲಿ ಎಲ್ಲ ಬಾವಿಗಳಿಗೂ ನೀರು, ಅನಿಲ ನುಗ್ಗಿರಲಿಲ್ಲ. ನುಗ್ಗಿದ ಬಾವಿ ಬಹಳಷ್ಟು ಹೇಳುತ್ತದೆ: ದಾರಿ ಇಲ್ಲಿದೆ, ಇಷ್ಟು ವೇಗದ್ದು. ನುಗ್ಗದ ಬಾವಿ ಹೇಳುವುದು ‘ಇನ್ನೂ ಇಲ್ಲ’ ಎಂದು ಮಾತ್ರ. ನಾಳೆಯೇ ನೀರು ಬರುವ ಮಾದರಿಯೂ, ಇನ್ನು ಹತ್ತು ವರ್ಷ ಬಾರದ ಮಾದರಿಯೂ ಆ ‘ಇನ್ನೂ ಇಲ್ಲ’ಕ್ಕೆ ಸಮಾನವಾಗಿ ತಾಳೆಯಾಗುತ್ತವೆ. ಇತಿಹಾಸದ ಗ್ರಾಫ್ ಎಷ್ಟೇ ಚಂದ ಕೂತರೂ ಅವೆರಡನ್ನು ಬೇರ್ಪಡಿಸುವ ಮಾಹಿತಿ ಅದರೊಳಗೆ ಇಲ್ಲ. ಆ ವ್ಯತ್ಯಾಸ ಬರಬೇಕಾದ್ದು ಮಾದರಿಯ ಸ್ವಾತಂತ್ರ್ಯದಿಂದ. ವಲಯಗಳನ್ನು ದೊಡ್ಡದಾಗಿ ಕಟ್ಟಿದ್ದರೆ ಆ ಸ್ವಾತಂತ್ರ್ಯವೇ ಇಲ್ಲ. ನೀರು ನುಗ್ಗಿದ ಬಾವಿಗಾಗಿ ಹೊಂದಿಸಿದ ಗುಣಕ ಪಕ್ಕದ, ಇನ್ನೂ ಒಣಗಿರುವ ಬಾವಿಯ ಭವಿಷ್ಯವನ್ನೂ ತೀರ್ಮಾನಿಸಿಬಿಡುತ್ತದೆ. ಆಗ ಮಾದರಿಗಳೆಲ್ಲ ಒಂದೇ ಉತ್ತರ ಹೇಳುತ್ತವೆ. ನಾವು ಅದನ್ನು ‘ಖಚಿತತೆ’ ಎಂದು ಓದುತ್ತೇವೆ. ನಿಜಕ್ಕೂ ಅದು ನಾವೇ ಕಟ್ಟಿದ ಕಟ್ಟು.

ಸರಳ ಮಾದರಿ ಬೇಡ ಎಂದು ನಾನು ಹೇಳುತ್ತಿಲ್ಲ. ಇಲ್ಲಿ ‘ಸತ್ಯ’ವೇ 1,761 ಕೋಶಗಳ ಸರಳ ಮಾದರಿ. ತಂಡಗಳು ಅದೇ ಜಾಲ ಬಳಸಿದವು. ಆದರೂ ತಪ್ಪಿತು. ಕೋಶ ದೊಡ್ಡದಿದ್ದದ್ದಕ್ಕೆ ತಪ್ಪಿದ್ದಲ್ಲ. ಬಾವಿಗಳ ನಡುವೆ ಏನೆಲ್ಲ ಇರಬಹುದು ಎಂದು ಒಪ್ಪಿಕೊಳ್ಳುವುದರಲ್ಲಿ ಜಿಪುಣರಾಗಿದ್ದಕ್ಕೆ ತಪ್ಪಿತು.

ಇದೇ ಪ್ರಶ್ನೆಯನ್ನು ಇನ್ನೂ ಒರಟಾಗಿ ಕೇಳಿದ ಒಂದು ಕೆಲಸ 2004ರಲ್ಲಿ ಬಂತು, ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ. ಅದನ್ನು ಇಲ್ಲಿ ತರದೆ ಈ ಪ್ರಕರಣ ಪೂರ್ತಿಯಾಗುವುದಿಲ್ಲ. ಅಲ್ಲಿನ ಕ್ಷೇತ್ರ ಇನ್ನೂ ಸರಳ: ಬಂಡೆಯ ಒಂದು ಅಡ್ಡಕೊಯ್ತ, ಆರು ಪದರ, ಒಳ್ಳೆಯ ಮರಳು ಮತ್ತು ಕಳಪೆ ಮರಳು ಒಂದಾದ ಮೇಲೆ ಒಂದು. ನಡುವೆ ಒಂದು ಫಾಲ್ಟ್. ಒಂದು ಕಡೆ ನೀರು ತುಂಬುವ ಬಾವಿ, ಇನ್ನೊಂದು ಕಡೆ ಉತ್ಪಾದನಾ ಬಾವಿ. ಗೊತ್ತಿಲ್ಲದ ಸಂಖ್ಯೆಗಳು ಮೂರೇ ಮೂರು: ಫಾಲ್ಟ್ ಎಷ್ಟು ಅಡಿ ಸರಿದಿದೆ, ಒಳ್ಳೆಯ ಮರಳಿನ ಪರ್ಮಿಯಬಿಲಿಟಿ, ಕಳಪೆ ಮರಳಿನ ಪರ್ಮಿಯಬಿಲಿಟಿ. ಮೂರು ವರ್ಷದ ಇತಿಹಾಸ ಕೊಟ್ಟು, ಹತ್ತನೆಯ ವರ್ಷದವರೆಗೆ ಮುನ್ನಂದಾಜು. ಮಾದರಿ ಎಷ್ಟು ಹಗುರ ಎಂದರೆ ಸುಮಾರು 1,60,000 ಸಲ ಓಡಿಸಿ, ಮೂರು ಸಂಖ್ಯೆಗಳ ಇಡೀ ಜಾಗವನ್ನು ಜರಡಿ ಹಿಡಿದರು.

ಇತಿಹಾಸಕ್ಕೆ ಅತ್ಯಂತ ಚೆನ್ನಾಗಿ ಕೂತ ಮಾದರಿಯ ಸಂಖ್ಯೆಗಳು ಸತ್ಯದ ಹತ್ತಿರ ಇರಲಿಲ್ಲ, ಅದರ ಮುನ್ನಂದಾಜೂ ಚೆನ್ನಾಗಿರಲಿಲ್ಲ. ಕಾರಣ ಫಾಲ್ಟ್. ಪದರಗಳು ಸ್ವಲ್ಪ ಸ್ವಲ್ಪವೇ ಸರಿದಂತೆ, ಒಂದು ಹಂತದಲ್ಲಿ ಒಳ್ಳೆಯ ಮರಳು ಒಳ್ಳೆಯದಕ್ಕೆ ಎದುರಾಗುತ್ತದೆ, ಇನ್ನಷ್ಟು ಸರಿದರೆ ಕಳಪೆಯದಕ್ಕೆ, ಮತ್ತೂ ಸರಿದರೆ ಬೇರೊಂದು ಒಳ್ಳೆಯ ಪದರಕ್ಕೆ. ಹರಿವು ಪ್ರತಿ ಸಲವೂ ತಟ್ಟನೆ ಬದಲಾಗುತ್ತದೆ. ಹಾಗಾಗಿ ತಾಳೆಯ ಚಿತ್ರದಲ್ಲಿ ಒಂದೇ ಕಣಿವೆ ಇರುವುದಿಲ್ಲ, ದೂರ ದೂರದಲ್ಲಿ ಹಲವು ಕಿರಿದಾದ ಕುಳಿಗಳಿರುತ್ತವೆ. ಅದೇ ಗುಂಪಿನಿಂದ 2006ರಲ್ಲಿ ಬಂದ ಮುಂದಿನ ಬರಹ ಇನ್ನೂ ಕಠಿಣ ಮಾತು ಹೇಳಿತು: ಮಾದರಿಯಲ್ಲಿ ಯಾವ ದೋಷವೂ ಇಲ್ಲದಿದ್ದಾಗಲೂ ಹೀಗಾಗುತ್ತದೆ. ಚಿಕ್ಕದೊಂದು ಮಾದರಿ ದೋಷ ಸೇರಿದರೆ ಉಪಯುಕ್ತ ಮುನ್ನಂದಾಜು ಕೊಡುವ ಒಂದು ಮಾದರಿಯೂ ಸಿಗದೇ ಹೋಗಬಹುದು. ತಾಳೆಯಾದ ಮಾದರಿಗಳಲ್ಲಿ ಯಾವುದು ಮುಂದೆ ಸರಿ ಹೇಳುತ್ತದೆ ಎಂದು ಮೊದಲೇ ಗುರುತಿಸುವ ದಾರಿ ಆ ಸಂಶೋಧಕರಿಗೆ ಸಿಗಲಿಲ್ಲ.

ಪ್ರಾಕ್ಸಿ ಬಳಸುವವರು ಇದನ್ನು ಎರಡು ಸಲ ಓದಬೇಕು. ಪ್ರಾಕ್ಸಿ ಎಂದರೆ ಸಿಮ್ಯುಲೇಟರಿನ ಬದಲಿಗೆ ಕೂರಿಸುವ ಹಗುರವಾದ ಸೂತ್ರ. ಆಯ್ದ ಕೆಲವು ಓಟಗಳ ಮೇಲೆ ನಯವಾದ ಬಹುಪದ ಕೂರಿಸಿ, ಮಿಕ್ಕ ಲಕ್ಷಾಂತರ ಲೆಕ್ಕವನ್ನು ಅದರಿಂದಲೇ ಮಾಡುತ್ತಾರೆ. ಬಹಳ ಕಡೆ ಅದು ಚೆನ್ನಾಗಿ ನಡೆಯುತ್ತದೆ. ಆದರೆ ಕುಳಿಗಳ ನೆಲದ ಮೇಲೆ ನಯವಾದ ಹೊದಿಕೆ ಎಳೆದರೆ ಕುಳಿಗಳು ಮುಚ್ಚಿಹೋಗುತ್ತವೆ, ಸತ್ಯ ಅದರಲ್ಲೊಂದರೊಳಗೇ ಇರಬಹುದು.

ಇದರಿಂದ ಕೆಲಸದಲ್ಲಿ ಬದಲಾದದ್ದು

ಪಂಕ್ ಎಸ್-3 ಆಮೇಲೆ ಒಂದು ಪರೀಕ್ಷಾ ಕಣವೇ ಆಯಿತು. ಹವಾಮಾನ ಮತ್ತು ಸಾಗರದ ಲೆಕ್ಕಾಚಾರದಿಂದ ಬಂದ ಎನ್‌ಸೆಂಬಲ್ ಕಾಲ್ಮನ್ ಫಿಲ್ಟರನ್ನು 2005ರ ಹೊತ್ತಿಗೆ ಇದರ ಮೇಲೂ ಓಡಿಸಿ ನೋಡಿದರು. ಅದರ ದಾರಿ ಬೇರೆ. ಭೂವಿಜ್ಞಾನಕ್ಕೆ ಹೊಂದುವ ಹತ್ತಾರು ಮಾದರಿಗಳನ್ನು ಮೊದಲೇ ತಯಾರಿಸಿ, ಹೊಸ ಅಳತೆ ಬಂದಂತೆಲ್ಲ ಇಡೀ ಗುಂಪನ್ನೇ ತಿದ್ದುವುದು. ವಲಯಗಳ ಕಟ್ಟು ಇಲ್ಲಿ ಬೇಕಾಗುವುದಿಲ್ಲ. ಆದರೆ ಹೊಸ ತೊಡಕು ಬಂತು. ಗುಂಪು ಚಿಕ್ಕದಿದ್ದರೆ ತಿದ್ದಿ ತಿದ್ದಿ ಎಲ್ಲ ಮಾದರಿಗಳೂ ಒಂದೇ ತರಹ ಆಗಿಬಿಡುತ್ತವೆ, ವ್ಯಾಪ್ತಿ ಮತ್ತೆ ಸುಳ್ಳಾಗಿ ಕಿರಿದಾಗುತ್ತದೆ. ರೋಗ ಅದೇ, ಬಂದ ದಾರಿ ಬೇರೆ.

ನಾನು ಒಂದು ಮುನ್ನಂದಾಜಿನ ವರದಿ ಓದುವಾಗ ಈಗ ಮೊದಲು ಹುಡುಕುವುದು ಪಿ50, ಅಂದರೆ ನಡುವಿನ ಅಂದಾಜಿನ, ಸಂಖ್ಯೆಯನ್ನಲ್ಲ. ಏನನ್ನು ಸ್ಥಿರ ಎಂದು ಹಿಡಿದಿದ್ದಾರೆ ಎಂಬ ಪಟ್ಟಿಯನ್ನು ಹುಡುಕುತ್ತೇನೆ. ಅಕ್ವಿಫರಿನ ಬಲ ಸ್ಥಿರವೇ? ಫಾಲ್ಟ್ ಹರಿವನ್ನು ಪೂರ್ತಿ ತಡೆಯುತ್ತದೆ ಎಂದು ಹಿಡಿದಿದ್ದಾರೆಯೇ? ಪಟ್ಟಿಗಳ ದಿಕ್ಕನ್ನು ಒಂದು ಸಲವಾದರೂ ಬದಲಾಯಿಸಿ ನೋಡಿದ್ದಾರೆಯೇ? ಆ ಪಟ್ಟಿ ವರದಿಯಲ್ಲಿ ಇಲ್ಲದಿದ್ದರೆ ವ್ಯಾಪ್ತಿಯ ಅಗಲಕ್ಕೆ ಅರ್ಥ ಹಚ್ಚುವುದು ಕಷ್ಟ. ಇನ್ನೊಂದು ಕೆಲಸ, ಇತಿಹಾಸಕ್ಕೆ ಹೊಂದಿಸುವ ಮೊದಲೇ ಮಾದರಿಗಳನ್ನು ಹಾಗೆಯೇ ಮುಂದಕ್ಕೆ ಓಡಿಸಿ ಹರವು ನೋಡುವುದು. ಹೊಂದಿಸುವ ಮೊದಲೇ ಹರವು ಕಿರಿದಾಗಿದ್ದರೆ, ಕೊನೆಯ ಕಿರಿದಾದ ವ್ಯಾಪ್ತಿಗೆ ಬಾವಿಯ ಅಳತೆಗಳು ಕಾರಣವಲ್ಲ ಎಂದು ಅಲ್ಲೇ ತಿಳಿಯುತ್ತದೆ. ಇದಕ್ಕೆ ಹೊಸ ತಂತ್ರ ಏನೂ ಬೇಕಾಗಿಲ್ಲ, ಮನಸ್ಸು ಬೇಕು.

ಕೋಶಗಳನ್ನು ದೊಡ್ಡದು ಮಾಡಿದ ಮಾದರಿ ಬಳಸಲೇಬೇಕಾದಾಗ, ಅದೇ 2000ದ ದಶಕದಲ್ಲಿ ಬೆಳೆದ ಒಂದು ಉಪಾಯ ನನಗೆ ತುಂಬಾ ಪ್ರಾಮಾಣಿಕವಾಗಿ ಕಾಣುತ್ತದೆ. ಸರಳ ಮಾದರಿ ತಪ್ಪು ಹೇಳುತ್ತದೆ ಎಂದು ಮೊದಲೇ ಒಪ್ಪಿಕೊಳ್ಳುವುದು, ಆ ತಪ್ಪನ್ನೇ ಅಳೆಯುವುದು. ಸರಳ ಮಾದರಿಯನ್ನು ನೂರಾರು ಸಲ ಓಡಿಸಿ. ಅವುಗಳಲ್ಲಿ ಒಂದಕ್ಕೊಂದು ದೂರ ಇರುವ ಕೆಲವನ್ನು ಆರಿಸಿ, ಅವನ್ನು ಮಾತ್ರ ಪೂರ್ತಿ ವಿವರದ ಜಾಲದಲ್ಲೂ ಓಡಿಸಿ. ಎರಡರ ನಡುವಿನ ವ್ಯತ್ಯಾಸಕ್ಕೆ ಒಂದು ಸರಾಸರಿ ಇರುತ್ತದೆ, ಒಂದು ಹರವು ಇರುತ್ತದೆ, ಕಾಲದ ಜೊತೆ ಅದು ಬದಲಾಗುವ ರೀತಿಯೂ ಇರುತ್ತದೆ. ದೊಡ್ಡ ಕೋಶದಲ್ಲಿ ನೀರಿನ ಮುಂಚೂಣಿ ಹರಡಿಹೋಗುವುದರಿಂದ, ನೀರು ಬಾವಿಗೆ ತಲುಪುವ ದಿನವೇ ಬೇರೆಯಾಗುವುದು ಇಲ್ಲಿ ಪದೇ ಪದೇ ಕಾಣುವ ವ್ಯತ್ಯಾಸ. ಆ ಸರಾಸರಿಯಿಂದ ಸರಳ ಮಾದರಿಯ ಉತ್ತರ ತಿದ್ದಿ, ಆ ಹರವನ್ನು ಅಳತೆಯ ದೋಷದ ಜೊತೆ ಕೂಡಿಸಿದರೆ, ಮಾದರಿ ತನ್ನ ತಪ್ಪನ್ನು ಮುಚ್ಚಲು ಬಂಡೆಯ ಗುಣಗಳನ್ನು ತಿರುಚುವುದು ಕಡಿಮೆಯಾಗುತ್ತದೆ.

ಆದರೆ ಇತಿಹಾಸದ ವರ್ಷಗಳಲ್ಲಿ ಕಲಿತ ಆ ವ್ಯತ್ಯಾಸ ಮುಂದಿನ ವರ್ಷಗಳಿಗೆ ಹಾಗೆಯೇ ಹೊಂದಬೇಕೆಂದಿಲ್ಲ. ನೀರು ನುಗ್ಗುವ ಮೊದಲು ಎರಡೂ ಜಾಲಗಳು ಒಂದೇ ಮಾತು ಹೇಳಬಹುದು, ನುಗ್ಗಿದ ಮೇಲೆ ದೂರವಾಗಬಹುದು. ಹಾಗಾಗಿ ಆ ಕೆಲವೇ ವಿವರವಾದ ಓಟಗಳನ್ನು ಇತಿಹಾಸ ಮುಗಿದ ದಿನಕ್ಕೆ ನಿಲ್ಲಿಸಬಾರದು. ಎಷ್ಟೇ ಹೊತ್ತು ಹಿಡಿದರೂ ಮುನ್ನಂದಾಜಿನ ಕೊನೆಯ ದಿನದವರೆಗೆ ಓಡಿಸಬೇಕು.